ಐದು ರೂಪಾಯಿಯ ರುಜು

ಅಹಮದಾಬಾದಿಗೆ ಹೋದ ಕನ್ನಡಿಗರು ಸಬರಮತಿ ಆಶ್ರಮವನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ನೋಡುವ ಬಗೆ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಆಟೋರಿಕ್ಷಾದಿಂದ ಇಳಿದು, ಹೃದಯಕುಂಜದ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಬಾಪುವಿನ ಚರಕವನ್ನೂ ಗಿಡ್ಡ ಮೇಜನ್ನೂ ಬಾಗಿಲಾಚೆಯಿಂದ ಇಣುಕಿ ನೋಡಿ, ನದಿಯ ಕಡೆಗೆ ಬೆನ್ನು ಮಾಡಿ ಒಂದು ಛಾಯಾಚಿತ್ರ ತೆಗೆಸಿಕೊಂಡರೆ ಅರ್ಧ ಗಂಟೆಯಲ್ಲಿ ದರ್ಶನ ಮುಗಿಯುತ್ತದೆ. ಮಿಕ್ಕ ಹೊತ್ತು ಸೀರೆಯಂಗಡಿಗೆ ಮೀಸಲು. ಅದನ್ನು ತಪ್ಪೆನ್ನಲಾರೆ, ಅಹಮದಾಬಾದು ಬಟ್ಟೆಯ ಊರೇ ಹೌದಷ್ಟೆ. ಆದರೆ ನಾನು ಅಲ್ಲಿಗೆ ಹೋದದ್ದು ಚರಕಕ್ಕಾಗಿಯೂ ಅಲ್ಲ, ಸೀರೆಗಾಗಿಯೂ ಅಲ್ಲ, ಕಾಗದಕ್ಕಾಗಿ. ಮಹಾಪುರುಷರು ಬರೆದು ರುಜು ಹಾಕಿದ ಕಾಗದಗಳು ಎಲ್ಲಿ ಉಳಿಯುತ್ತವೆ, ಹೇಗೆ ಉಳಿಯುತ್ತವೆ, ಅವು ಯಾರ ಸೊತ್ತು ಎಂಬ ಪ್ರಶ್ನೆಗೆ ಭಾರತದಲ್ಲಿ ಉತ್ತರ ಹುಡುಕುವವನಿಗೆ ಸಬರಮತಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಗಾಂಧೀಜಿ ಅಹಮದಾಬಾದಿನಲ್ಲಿ ಮೊದಲು ಆಶ್ರಮ ಕಟ್ಟಿದ್ದು ೧೯೧೫ರ ಮೇ ತಿಂಗಳಲ್ಲಿ, ಕೊಚರಬ್ ಎಂಬಲ್ಲಿ, ಒಂದು ಬಾಡಿಗೆಯ ಬಂಗಲೆಯಲ್ಲಿ. ಪ್ಲೇಗಿನ ಕಾಟದಿಂದ ಅಲ್ಲಿಂದ ಎದ್ದು ೧೯೧೭ರ ಜೂನ್ ತಿಂಗಳಲ್ಲಿ ನದಿಯ ದಡದ ಈ ಬಯಲಿಗೆ ಬಂದರು. ಒಂದು ಮಗ್ಗುಲಲ್ಲಿ ಸೆರೆಮನೆ, ಇನ್ನೊಂದು ಮಗ್ಗುಲಲ್ಲಿ ದೂಧೇಶ್ವರದ ಸ್ಮಶಾನ. ಸತ್ಯಾಗ್ರಹಿಗೆ ಈ ಎರಡು ನೆರೆಹೊರೆಗಳೂ ಅನುಕೂಲವೆಂದು ಅವರು ನಗುತ್ತಿದ್ದರಂತೆ. ೧೯೩೦ರ ಮಾರ್ಚ್ ೧೨ರ ಬೆಳಗ್ಗೆ ದಂಡಿಗೆ ಹೊರಟವರು ಮತ್ತೆ ಇಲ್ಲಿ ವಾಸಕ್ಕೆ ಬರಲಿಲ್ಲ. ಹನ್ನೆರಡು ವರ್ಷ, ಒಂಬತ್ತು ತಿಂಗಳ ವಾಸ ಅಷ್ಟೆ. ಅಂದಿನ ಸಬರಮತಿ ವರ್ಷದ ಬಹುಭಾಗ ಮರಳ ಹಾಸು. ಈಗ ನರ್ಮದೆಯ ಕಾಲುವೆಯ ನೀರು ಬಂದು ಸೇರುವುದರಿಂದ ನದಿ ಸದಾ ತುಂಬಿದೆ. ಎರಡು ದಡಕ್ಕೂ ಕಾಂಕ್ರೀಟಿನ ಕಟ್ಟೆ, ಸಂಜೆಯ ವಿಹಾರಕ್ಕೆ ದಾರಿ. ನೀರು ತುಂಬಿದ ನದಿ ಸುಂದರವೇ. ಆದರೂ ಹಳೆಯ ಚಿತ್ರಗಳಲ್ಲಿ ಕಾಣುವ ಆ ಮರಳಿನ ಮೇಲಣ ಪ್ರಾರ್ಥನಾಭೂಮಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲು ಸ್ವಲ್ಪ ಪ್ರಯತ್ನ ಬೇಕಾಗುತ್ತದೆ.

ಹೃದಯಕುಂಜಕ್ಕೆ ಹೋಗುವ ಮುನ್ನ ಸಿಗುವ ಹೆಂಚಿನ ಛಾವಣಿಯ ತಗ್ಗು ಕಟ್ಟಡಗಳ ಗುಂಪೇ ಗಾಂಧಿ ಸ್ಮಾರಕ ಸಂಗ್ರಹಾಲಯ. ಚಾರ್ಲ್ಸ್ ಕೊರಿಯ ಎಂಬ ವಾಸ್ತುಶಿಲ್ಪಿ ತಮ್ಮ ಯೌವನದಲ್ಲಿ ಕಟ್ಟಿದ್ದು. ೧೯೬೩ರ ಮೇ ತಿಂಗಳಲ್ಲಿ ಜವಾಹರಲಾಲ್ ನೆಹರೂ ಅವರು ಇದನ್ನು ಉದ್ಘಾಟಿಸಿದರು. ಸುಮಾರು ಆರು ಮೀಟರ್ ಚದರದ ಘಟಕಗಳು ಒಂದಕ್ಕೊಂದು ಅಂಟಿಕೊಂಡಂತೆ, ಆದರೆ ಎಲ್ಲಿಯೂ ಸಾಲುಗಟ್ಟಿ ನಿಲ್ಲದಂತೆ ಹರಡಿವೆ. ಕೆಲವಕ್ಕೆ ಗೋಡೆಯುಂಟು, ಕೆಲವಕ್ಕೆ ಇಲ್ಲ. ನಡುವೆ ಒಂದು ನೀರಿನ ಅಂಗಳ. ಇಟ್ಟಿಗೆಯ ಕಂಬ, ಮರದ ಪಟ್ಟಿಗಳ ಕಿಟಕಿ, ಗಾಜೆಂಬುದಿಲ್ಲ. ನಮ್ಮ ಮಲೆನಾಡಿನ ತೊಟ್ಟಿಯ ಮನೆಯಲ್ಲಿ ಬೆಳೆದವರಿಗೆ ಈ ಕಟ್ಟಡದಲ್ಲಿ ಕೂತರೆ ಪರಕೀಯವೆನ್ನಿಸುವುದಿಲ್ಲ. ಗಾಳಿ ತಾನಾಗಿ ಬಂದು ತಾನಾಗಿ ಹೋಗುತ್ತದೆ. ಕಾಗದಕ್ಕೆ ಮಾತ್ರ ಗಾಳಿಯೂ ಬೆಳಕೂ ವೈರಿಗಳು. ಆದ್ದರಿಂದ ಇಂಥ ಕಡೆಗಳಲ್ಲಿ ಹೊರಗೆ ಪ್ರತಿ, ಒಳಗೆ ಮೂಲ ಎಂಬುದೇ ಕ್ರಮ. ಪ್ರೇಕ್ಷಕನು ಗೋಡೆಯ ಮೇಲೆ ನೋಡುವುದು ಉತ್ಸವಮೂರ್ತಿಯನ್ನು. ಮೂಲವಿಗ್ರಹ ಗರ್ಭಗುಡಿಯ ಕತ್ತಲೆಯಲ್ಲಿಯೇ ಇರುತ್ತದೆ.

ಸುಮಾರು ೩೪ ಸಾವಿರ ಪತ್ರಗಳು ಇಲ್ಲಿನ ಸಂಗ್ರಹದಲ್ಲಿವೆ. ಗಾಂಧೀಜಿ ಬರೆದವು, ಅವರಿಗೆ ಬಂದವು, ಎರಡೂ ಸೇರಿ. ಅವರಿಗೆ ಬಂದ ಲಕೋಟೆಗಳನ್ನು ನೋಡುತ್ತ ನಿಂತರೆ ಹೊತ್ತು ಹೋಗುವುದು ತಿಳಿಯದು. ಒಂದರ ಮೇಲೆ ವಿಳಾಸ ಇಷ್ಟೇ: ಮಹಾತ್ಮ ಗಾಂಧಿ, ಎಲ್ಲಿದ್ದರಲ್ಲಿಗೆ. ಊರಿಲ್ಲ, ಬೀದಿಯಿಲ್ಲ, ಜಿಲ್ಲೆಯಿಲ್ಲ. ಆದರೂ ಅದು ಸೇರಬೇಕಾದ ಕೈ ಸೇರಿತು. ಪೂರ್ಣ ವಿಳಾಸವನ್ನೂ ಪಿನ್ ಸಂಖ್ಯೆಯನ್ನೂ ಬರೆದು ಕಳುಹಿದ ಪರೀಕ್ಷಾ ಪತ್ರಿಕೆಗಳ ಕಟ್ಟು ಮೂರು ವಾರ ಅಲೆದು ಬಂದದ್ದನ್ನು ಕಂಡಿರುವ ಅಧ್ಯಾಪಕನಿಗೆ ಆ ಅಜ್ಞಾತ ಅಂಚೆಯವನ ಮೇಲೆ ಅಸೂಯೆಯಿಂದ ಕೂಡಿದ ಗೌರವ ಹುಟ್ಟಿದ್ದರಲ್ಲಿ ಆಶ್ಚರ್ಯವೇನು?

ಇಷ್ಟೊಂದು ಕಾಗದ ಉಳಿದದ್ದು ಹೇಗೆ? ಗಾಂಧೀಜಿ ಅಪರಿಗ್ರಹವನ್ನು ವ್ರತವಾಗಿ ಹಿಡಿದವರು. ಸಂಗ್ರಹವೆಂಬುದೇ ಅವರಿಗೆ ಸಲ್ಲದ್ದು. ಆದರೆ ಅವರು ವಕೀಲರೂ ಆಗಿದ್ದರು, ವಕೀಲನು ಕಾಗದವನ್ನು ಬಿಸಾಡುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿದ್ದ ಕಾಲದಿಂದಲೂ ಬಂದ ಪತ್ರಗಳನ್ನೂ ಕಳುಹಿಸಿದವುಗಳ ಪ್ರತಿಗಳನ್ನೂ ಮನವಿಗಳನ್ನೂ ತಂತಿಗಳನ್ನೂ ಕಟ್ಟಿ ಇಡುತ್ತಿದ್ದರು. ಆ ಕಟ್ಟುಗಳು ಸಮುದ್ರ ದಾಟಿ ಇಲ್ಲಿಗೆ ಬಂದುವು. ಗಾಂಧಿ ಸಾಹಿತ್ಯವನ್ನು ಅಭ್ಯಾಸ ಮಾಡುವವರು ಅಡಿಟಿಪ್ಪಣಿಗಳಲ್ಲಿ ‘ಎಸ್. ಎನ್.’ ಎಂಬ ಎರಡಕ್ಷರವನ್ನೂ ಅದರ ಮುಂದೆ ಒಂದು ಸಂಖ್ಯೆಯನ್ನೂ ಕಾಣುತ್ತಾರಲ್ಲವೆ? ಅದು ಈ ಸಬರಮತಿ ಸಂಗ್ರಹದ ಕ್ರಮಸಂಖ್ಯೆ. ನಾನು ವಿದ್ಯಾರ್ಥಿಯಾಗಿದ್ದಾಗ ಆ ಸಂಖ್ಯೆಗಳನ್ನು ಹಾರಿಸಿ ಓದುತ್ತಿದ್ದೆ. ಈಗ ಅದೊಂದೊಂದು ಸಂಖ್ಯೆಯ ಹಿಂದೆ ಮಡಿಕೆ ಬಿದ್ದ ಒಂದು ಹಾಳೆ ಇದೆಯೆಂಬುದು ನೆನಪಾಗದೆ ಇರುವುದಿಲ್ಲ.

ಆ ಹಾಳೆಗಳಾದರೂ ಎಂಥವು! ರಾಜಮಹಾರಾಜರ ಪತ್ರಗಳ ಹಾಗೆ ಚಿನ್ನದ ಅಂಚಿನ ಕಾಗದವಲ್ಲ. ಬಂದ ಲಕೋಟೆಯನ್ನು ಬಿಡಿಸಿ ಒಳಮಗ್ಗುಲಲ್ಲಿ ಬರೆದದ್ದು, ತಂತಿಯ ನಮೂನೆಯ ಹಿಂಬದಿಯಲ್ಲಿ ಬರೆದದ್ದು, ಯಾರದೋ ಕಾಗದದ ಕೆಳಗೆ ಉಳಿದಿದ್ದ ಖಾಲಿ ಜಾಗವನ್ನು ಹರಿದು ಬರೆದದ್ದು. ಸೋಮವಾರ ಅವರ ಮೌನದ ದಿನ. ಅಂದು ಮಾತಾಡಬೇಕಾದದ್ದನ್ನೆಲ್ಲ ಚೀಟಿಗಳಲ್ಲಿ ಬರೆದು ಕೊಡುತ್ತಿದ್ದರು. ಇತರರ ಸೋಮವಾರದ ಮಾತುಗಳು ಗಾಳಿಯಲ್ಲಿ ಹೋದುವು, ಮೌನಿಯ ಮಾತುಗಳು ಮಾತ್ರ ಉಳಿದುವು. ಅಡುಗೆಯ ವಿಚಾರ, ಯಾರಿಗೋ ಮಲಬದ್ಧತೆಗೆ ಮದ್ದು, ಮತ್ತಾರನ್ನೋ ಭೇಟಿಗೆ ಕರೆತರಬೇಕಾದ ಹೊತ್ತು ಇಂಥವೇ ಆ ಚೀಟಿಗಳ ವಿಷಯ. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡವರು ಪುಣ್ಯವಂತರು.

ಅಕ್ಷರದ ವಿಚಾರ ಹೇಳದಿದ್ದರೆ ಈ ಕತೆ ಅರ್ಧವಾದೀತು. ತಮ್ಮ ಕೈಬರಹ ಕೆಟ್ಟದ್ದೆಂಬುದು ಗಾಂಧೀಜಿಗೆ ಜೀವನವಿಡೀ ಇದ್ದ ನಾಚಿಕೆ. ಆತ್ಮಕಥೆಯಲ್ಲಿ ಅದನ್ನು ಅವರೇ ಬರೆದುಕೊಂಡಿದ್ದಾರೆ, ಕೆಟ್ಟ ಅಕ್ಷರವನ್ನು ಅಪೂರ್ಣ ಶಿಕ್ಷಣದ ಗುರುತೆಂದು ಕರೆದಿದ್ದಾರೆ. ಸಾಲದೆಂಬಂತೆ ಅವರಿಗೆ ಎರಡು ಕೈಬರಹಗಳು. ೧೯೦೯ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂದಿರುಗುವಾಗ, ‘ಕಿಲ್ಡೋನನ್ ಕ್ಯಾಸಲ್’ ಎಂಬ ಹಡಗಿನಲ್ಲಿ, ಹಡಗಿನ ಕಾಗದದ ಮೇಲೆಯೇ ‘ಹಿಂದ್ ಸ್ವರಾಜ್’ ಬರೆದರು. ೨೭೫ ಪುಟಗಳ ಬರಹ. ಹತ್ತು ದಿನಗಳ ಕೆಲಸ. ಬಲಗೈ ಸೋತಾಗ ಎಡಗೈಗೆ ಲೇಖನಿ ದಾಟಿಸಿದರು. ಸುಮಾರು ೪೦ ಪುಟಗಳು ಹಾಗೆ ಎಡಗೈಯಲ್ಲಿ ಬರೆದವು. ಆ ಹಸ್ತಪ್ರತಿಯ ಪಡಿಯಚ್ಚನ್ನು ನವಜೀವನ ಸಂಸ್ಥೆ ಪ್ರಕಟಿಸಿದೆ. ತೆಗೆದು ನೋಡಿದರೆ ಎಲ್ಲಿ ಕೈ ಬದಲಾಯಿತೆಂಬುದು ಗುಜರಾತಿ ಬಾರದವರಿಗೂ ಗೊತ್ತಾಗುತ್ತದೆ. ಬಲಗೈಯ ಅಕ್ಷರ ಓಡುತ್ತದೆ, ಎಡಗೈಯದು ಹೆಜ್ಜೆಯಿಟ್ಟು ನಡೆಯುತ್ತದೆ. ಎಡಗೈಯದೇ ಹೆಚ್ಚು ಸ್ಪಷ್ಟವೆಂದು ನನಗೆ ತೋರಿತು. ಮುಂದೆಯೂ ಬಲಗೈ ನೋಯುವಾಗಲೆಲ್ಲ, ಯರವಾಡದ ಸೆರೆಮನೆಯಲ್ಲಿ ಮೊದಲುಗೊಂಡು, ಅವರು ಎಡಗೈಯಲ್ಲಿ ಬರೆದಿದ್ದಾರೆ.

ಇವೆರಡರ ನಡುವೆ ಮೂರನೆಯ ಕೈಯೊಂದುಂಟು. ೧೯೧೭ರಲ್ಲಿ ಬಂದು ಸೇರಿ ೧೯೪೨ರ ಆಗಸ್ಟ್ ೧೫ರಂದು ಆಗಾಖಾನ್ ಅರಮನೆಯ ಬಂಧನದಲ್ಲಿ ಪ್ರಾಣ ಬಿಡುವವರೆಗೆ ಕಾರ್ಯದರ್ಶಿಯಾಗಿದ್ದ ಮಹಾದೇವ ದೇಸಾಯಿಯವರದು. ಮುತ್ತು ಪೋಣಿಸಿದಂಥ ಅಕ್ಷರ. ಎಷ್ಟೋ ಪತ್ರಗಳಲ್ಲಿ ಒಕ್ಕಣೆ ಗಾಂಧೀಜಿಯದು, ಬರಹ ಮಹಾದೇವರದು, ಕೊನೆಯ ರುಜು ಮಾತ್ರ ಬಾಪುವಿನದು. ಹಸ್ತಾಕ್ಷರ ಸಂಗ್ರಾಹಕರು ಇಲ್ಲಿ ಜಾತಿಭೇದ ಮಾಡುತ್ತಾರೆ. ಪೂರ್ತಿಯಾಗಿ ಸ್ವಹಸ್ತದಲ್ಲಿ ಬರೆದು ರುಜು ಮಾಡಿದ ಪತ್ರ ಉತ್ತಮ. ಇನ್ನೊಬ್ಬರು ಬರೆದು ಅಥವಾ ಯಂತ್ರದಲ್ಲಿ ಬೆರಳಚ್ಚು ಮಾಡಿ ರುಜು ಮಾತ್ರ ಹಾಕಿದ್ದು ಮಧ್ಯಮ. ಬರಿಯ ರುಜುವಿನ ತುಣುಕು ಕನಿಷ್ಠ. ಮುಂಬಯಿಯ ಮಣಿಭವನದಲ್ಲಿ ೧೯೩೯ರ ಜುಲೈ ೨೩ರಂದು ಹಿಟ್ಲರನಿಗೆ ಬರೆದ ಪತ್ರವನ್ನು ಪ್ರದರ್ಶಿಸಿದ್ದಾರೆ. ಬೆರಳಚ್ಚಿನ ಕೆಲವೇ ಸಾಲುಗಳು, ಕೆಳಗೆ ರುಜು. ಅಂಗಡಿಯ ಲೆಕ್ಕದಲ್ಲಿ ಅದು ಮಧ್ಯಮ ವರ್ಗದ್ದು. ಯುದ್ಧ ಬೇಡವೆಂದು ಕೇಳಿಕೊಂಡ ಆ ಕಾಗದವನ್ನು ಬ್ರಿಟಿಷ್ ಸರ್ಕಾರ ದೇಶದ ಗಡಿ ದಾಟಲು ಬಿಡಲಿಲ್ಲ. ಐದೂವರೆ ವಾರದಲ್ಲಿ ಯುದ್ಧ ಬಂದೇಬಂದಿತು. ಅಂಗಡಿಯ ವರ್ಗೀಕರಣಕ್ಕೂ ಕಾಗದದ ತೂಕಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ರುಜುವಿನ ಒಕ್ಕಣೆಯೂ ಭಾಷಾಭ್ಯಾಸಿಗೆ ಒಂದು ಹಬ್ಬ. ಆಫ್ರಿಕದಿಂದ ಬಂದ ಹೊಸದರಲ್ಲಿ ಗುಜರಾತಿ ಪತ್ರಗಳ ಕೊನೆಗೆ ‘ಮೋಹನದಾಸನ ವಂದೇಮಾತರಂ’ ಎಂದಿರುತ್ತದೆ. ಆಶ್ರಮದ ಮಕ್ಕಳಿಗೂ ಹೆಂಗಸರಿಗೂ ‘ಬಾಪುವಿನ ಆಶೀರ್ವಾದ’. ಇಂಗ್ಲಿಷಿನಲ್ಲಿ, ಅಪರಿಚಿತರಿಗೆ, ‘ಎಂ. ಕೆ. ಗಾಂಧಿ’. ಜೊಹಾನ್ಸ್‌ಬರ್ಗಿನ ವಾಸ್ತುಶಿಲ್ಪಿ ಹರ್ಮನ್ ಕ್ಯಾಲನ್‌ಬಾಕ್ ಅವರಿಗೆ ಬರೆದ ಪತ್ರಗಳಲ್ಲಂತೂ ತಾವು ‘ಮೇಲ್ಮನೆ’, ಗೆಳೆಯ ‘ಕೆಳಮನೆ’. ಹಣ ಖರ್ಚು ಮಾಡುವ ವಿಚಾರದಲ್ಲಿ ಯಾರ ಮಾತು ನಡೆಯಬೇಕೆಂಬ ಸಲಿಗೆಯ ವಿನೋದ ಅದು, ಬ್ರಿಟಿಷ್ ಪಾರ್ಲಿಮೆಂಟಿನ ಧಾಟಿಯಲ್ಲಿ. ನಮ್ಮ ಬಸವಾದಿ ಶರಣರ ಅಂಕಿತಗಳನ್ನು ವರ್ಷವರ್ಷವೂ ಪಾಠ ಹೇಳುವ ನನಗೆ, ಒಬ್ಬನೇ ಮನುಷ್ಯ ಇಷ್ಟು ಅಂಕಿತಗಳಲ್ಲಿ ಬರೆದದ್ದು ಸ್ವಾರಸ್ಯವಾಗಿ ಕಂಡಿತು.

ಇನ್ನು ಐದು ರೂಪಾಯಿಯ ವಿಚಾರ. ಗಾಂಧೀಜಿಯ ರುಜು ಬೇಕೆಂದು ಪುಟ್ಟ ಪುಸ್ತಕ ಹಿಡಿದು ಬಂದವರಿಂದ ಅವರು ಐದು ರೂಪಾಯಿ ವಸೂಲು ಮಾಡುತ್ತಿದ್ದರು. ಹಣ ಹರಿಜನ ನಿಧಿಗೆ. ಯಾರಿಗೂ ರಿಯಾಯಿತಿಯಿಲ್ಲ. ಕವಿ ರವೀಂದ್ರರು ಇದಕ್ಕೆ ನೇರ ವಿರುದ್ಧ. ಚೀನ, ಜಪಾನುಗಳಲ್ಲಿ ಜನ ಬೀಸಣಿಗೆಯನ್ನೋ ರೇಷ್ಮೆಯ ತುಂಡನ್ನೋ ತಂದು ಮುಂದೊಡ್ಡಿದರೆ ಅದರ ಮೇಲೆ ಎರಡು ಸಾಲಿನ ಕವಿತೆಯನ್ನೇ ಬರೆದುಕೊಡುತ್ತಿದ್ದರು. ಹಾಗೆ ಹುಟ್ಟಿದವು ‘ಲೇಖನ್’ ಎಂಬ ಪುಸ್ತಕವಾಗಿ, ಕವಿಯ ಕೈಬರಹದಲ್ಲಿಯೇ ಅಚ್ಚಾಗಿ ಹೊರಬಂದುವು. ಒಬ್ಬರು ದಾನ ಕೊಟ್ಟರು, ಇನ್ನೊಬ್ಬರು ದಾನ ಪಡೆದರು. ಎರಡರಲ್ಲಿ ನನಗೆ ಬನಿಯದ ಲೆಕ್ಕಾಚಾರವೇ ಹೆಚ್ಚು ಹಿಡಿಸುತ್ತದೆ. ಕೊಂಡವನಿಗೆ ತಾನು ಒಂದು ಕೆಲಸದಲ್ಲಿ ಪಾಲುಗೊಂಡೆನೆಂಬ ಹಕ್ಕಾದರೂ ಉಳಿಯುತ್ತಿತ್ತು.

ಆ ಕಾಲದ ಐದು ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಅಜ್ಜಿ ಹನ್ನೆರಡರ ಹುಡುಗಿಯಾಗಿದ್ದಾಗ, ೧೯೩೬ರ ಜೂನ್ ಮೊದಲ ವಾರದಲ್ಲಿ, ಬೆಂಗಳೂರಿನಲ್ಲಿ ಗಾಂಧೀಜಿಯ ರುಜು ಪಡೆದರಂತೆ. ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಐದು ರೂಪಾಯಿ ಕೊಡಲಾರೆನೆಂದರು. ಹುಡುಗಿ ಕೈಯ ಬೆಳ್ಳಿಯ ಬಳೆ ಕಳಚಿ ಕೊಟ್ಟಳು. ಬಳೆ ಹೋದದ್ದಕ್ಕೆ ಮನೆಯಲ್ಲಿ ಏಟು ಬಿದ್ದಿತೆಂದು ಮುದುಕಿಯಾದ ಮೇಲೂ ಹೇಳಿಕೊಂಡು ನಗುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ, ಧಾರೆಸೀರೆಯ ಮಡಿಕೆಯೊಳಗೆ ಆ ಪುಟ್ಟ ಪುಸ್ತಕ ಸಿಕ್ಕಿತು. ಮೊಮ್ಮಕ್ಕಳು ಮೂವರು. ಒಬ್ಬರು ಪರದೇಶದಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ನನ್ನ ಸಹೋದ್ಯೋಗಿ ಮೂರನೆಯವರು. ವಿಷಯ ಹೇಗೋ ಒಬ್ಬ ವ್ಯಾಪಾರಿಯ ಕಿವಿಗೆ ಬಿದ್ದು, ಆತ ಬಂದು ನೋಡಿ, ಪುಸ್ತಕ ಬೇಡ, ಆ ಒಂದು ಹಾಳೆಯನ್ನು ಕತ್ತರಿಸಿ ಕೊಡಿ, ಚೌಕಟ್ಟು ಹಾಕಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದ. ಮೂವರಿಗೂ ಹಂಚಬಹುದಾದ ಮೊತ್ತವನ್ನೇ ಹೇಳಿದ. ಆ ಕ್ಷಣದಿಂದ ಮನೆಯಲ್ಲಿ ನೆಮ್ಮದಿ ಹೋಯಿತು. ರುಜು ನಿಜವೋ ಅಲ್ಲವೋ ಎಂದು ತಿಳಿದುಬರುವ ಭಾರ, ಅಹಮದಾಬಾದಿಗೆ ಹೊರಟಿದ್ದ ನನ್ನ ಮೇಲೆ ಬಿದ್ದಿತು. ಹಾಳೆಯ ಒಳ್ಳೆಯ ಛಾಯಾಚಿತ್ರಗಳನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆ.

ನಿಜವೆಂದು ಹೇಳುವುದು ಸುಲಭವಲ್ಲ. ಛಾಯಾಚಿತ್ರ ನೋಡಿ ಯಾರೂ ಪ್ರಮಾಣ ಮಾಡಲಾರರು. ಮೂಲದಲ್ಲಿಯಾದರೆ ಶಾಯಿ ಕಾಗದದ ನಾರಿನೊಳಕ್ಕೆ ಇಳಿದಿದೆಯೋ ಮೇಲೆ ಕೂತಿದೆಯೋ ನೋಡಬಹುದು; ಗೆರೆ ಎಲ್ಲಿ ಒತ್ತಿದೆ, ಎಲ್ಲಿ ಹಗುರಾಗಿದೆ ಎಂಬುದನ್ನು ಪರಿಶೀಲಿಸಬಹುದು. ಕಳ್ಳರುಜು ಹಾಕುವವನು ಅಕ್ಷರದ ಆಕಾರವನ್ನು ಚೆನ್ನಾಗಿಯೇ ನಕಲು ಮಾಡುತ್ತಾನೆ. ವೇಗವನ್ನು ಮಾತ್ರ ನಕಲು ಮಾಡಲಾರ. ಚಿತ್ರ ಬರೆಯುವ ಹಾಗೆ ನಿಧಾನವಾಗಿ ಬರೆಯುತ್ತಾನೆ, ಗೆರೆ ನಡುಗುತ್ತದೆ, ನಿಲ್ಲಬಾರದ ಕಡೆ ಲೇಖನಿ ನಿಂತು ಶಾಯಿ ಚುಕ್ಕೆಯಾಗುತ್ತದೆ. ಒಂದು ಮಾತು ನೆನಪಿಡಬೇಕು: ತೀರ ಮುದ್ದಾದ ರುಜುವನ್ನು ಮೊದಲು ಸಂಶಯಿಸಬೇಕು. ಸ್ಟೇಷನ್ನಿನಲ್ಲಿ, ಜನಜಂಗುಳಿಯಲ್ಲಿ, ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಬರೆದವರ ರುಜು ಮುದ್ದಾಗಿರುವುದಾದರೂ ಹೇಗೆ?

ಇನ್ನೊಂದು ದಾರಿಯಿದೆ, ಅದು ನನಗೆ ಹೆಚ್ಚು ಆಪ್ತವಾದದ್ದು. ಅಕ್ಷರವನ್ನು ಬಿಟ್ಟು ತಾರೀಖನ್ನು ವಿಚಾರಿಸುವುದು. ಚಂದುಲಾಲ್ ದಲಾಲ್ ಎಂಬುವರು ೧೯೧೫ರಿಂದ ೧೯೪೮ರವರೆಗೆ ಗಾಂಧೀಜಿ ಯಾವ ದಿನ ಯಾವ ಊರಿನಲ್ಲಿದ್ದರೆಂಬುದನ್ನು ದಿನದಿನಕ್ಕೂ ಗುರುತಿಸಿ ಒಂದು ದಿನಾಂಕಕೋಶವನ್ನೇ ಸಿದ್ಧಪಡಿಸಿದರು. ಇಂಗ್ಲಿಷಿನಲ್ಲಿ ಅದು ೧೯೭೧ರಲ್ಲಿ ಪ್ರಕಟವಾಯಿತು. ಕಳ್ಳರುಜುವಿನ ಪಾಲಿಗೆ ಆ ಪುಸ್ತಕ ಯಮನಿದ್ದಂತೆ. ವಾರ್ಧಾದಲ್ಲಿ ಕೂತಿದ್ದವರು ಅದೇ ದಿನ ಮದರಾಸಿನಲ್ಲಿ ರುಜು ಹಾಕಲು ಬರುವುದಿಲ್ಲವಷ್ಟೆ. ೧೯೩೬ರ ಮೇ ತಿಂಗಳಲ್ಲಿ ಗಾಂಧೀಜಿ ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿದ್ದರು. ತಿಂಗಳ ಕೊನೆಗೆ ಇಳಿದು ಬೆಂಗಳೂರಿಗೆ ಬಂದು ಜೂನ್ ಮೊದಲ ವಾರವನ್ನು ಅಲ್ಲಿ ಕಳೆದರು. ಅಜ್ಜಿಯ ಹಾಳೆಯ ತಾರೀಖು ಅದರೊಳಗೆ ಸರಿಯಾಗಿ ಕೂತಿತು. ದೇವನಾಗರಿಯ ಆ ಓರೆ ಗೆರೆಗಳೂ ಅದೇ ಕಾಲದ ಪಡಿಯಚ್ಚುಗಳಿಗೆ ದೂರವಾಗಿರಲಿಲ್ಲ. ಪ್ರಮಾಣ ಮಾಡುವಷ್ಟಲ್ಲ, ಆದರೆ ನಂಬುವಷ್ಟು.

ಆದರೆ ನಾನು ಆ ಛಾಯಾಚಿತ್ರಗಳನ್ನು ಮತ್ತೆ ಮತ್ತೆ ತಿರುವಿದಾಗ ಕಣ್ಣಿಗೆ ಬಿದ್ದದ್ದು ರುಜುವಲ್ಲ, ಅದರ ಬೆನ್ನು. ಹಾಳೆಯ ಹಿಂಬದಿಯಲ್ಲಿ ಯಾರೋ ಸಹಪಾಠಿ ಹುಡುಗಿ ಮಲ್ಲಿಗೆಯನ್ನೂ ಗೆಳೆತನವನ್ನೂ ಕೂಡಿಸಿ ನಾಲ್ಕು ಸಾಲು ಪದ್ಯ ಹೊಸೆದಿದ್ದಳು. ಪ್ರಾಸವೊಂದೂ ಸರಿಯಿಲ್ಲ. ಆ ಪುಸ್ತಕದಲ್ಲಿ ಗಾಂಧೀಜಿಯ ಹಿಂದೆ ಮುಂದೆಲ್ಲ ಇಂಥವೇ: ಹೊಲಿಗೆಯ ಟೀಚರು, ಊರಿಗೆ ಬಂದಿದ್ದ ಹರಿಕಥೆಯ ದಾಸರು, ಮದುವೆಯಾಗಿ ಶಾಲೆ ಬಿಟ್ಟ ಗೆಳತಿಯರು. ಕತ್ತರಿ ಹಾಕಿದರೆ ಮುಂಬದಿಗೆ ಚೌಕಟ್ಟು, ಹಿಂಬದಿಯ ಹುಡುಗಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹಿಂದಿರುಗಿದ ಮೇಲೆ ನಾನು ಸಹೋದ್ಯೋಗಿಗೆ ಇದನ್ನೇ ಹೇಳಿದೆ. ಕಾನೂನಿನ ಮಾತನ್ನೂ ಹೇಳಿದೆ. ೧೯೭೨ರ ಪುರಾವಸ್ತು ಮತ್ತು ಕಲಾಸಂಪತ್ತಿನ ಕಾಯಿದೆಯ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ ಹಸ್ತಪ್ರತಿ, ದಸ್ತಾವೇಜುಗಳು ೭೫ ವರ್ಷ ಹಳೆಯವಾದರೆ ಪುರಾವಸ್ತುವೆನ್ನಿಸುತ್ತವೆ. ಖಾಸಗಿಯವರು ಅವನ್ನು ದೇಶದಾಚೆಗೆ ಸಾಗಿಸುವಂತಿಲ್ಲ. ಪರದೇಶದ ಮೊಮ್ಮಗನ ಗೋಡೆಗೆ ಅದು ಏರುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹಂಚಿಕೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಪುಸ್ತಕ ಸದ್ಯಕ್ಕೆ ಇಡಿಯಾಗಿಯೇ ಇದೆ, ಸಹೋದ್ಯೋಗಿಯ ಬೀರುವಿನಲ್ಲಿ. ಕಿರಿಯ ತಮ್ಮನಿಗೂ ಅವರಿಗೂ ಮಾತು ಸ್ವಲ್ಪ ಕಡಿಮೆಯಾಗಿದೆ.

ಒಂದು ಮನೆಯಲ್ಲಿ ಆದದ್ದೇ ದೊಡ್ಡ ಪ್ರಮಾಣದಲ್ಲಿ ದೇಶಕ್ಕೂ ಆಗಿದೆ. ಆಲ್ಬಿನ್ ಶ್ರಾಮ್ ಎಂಬ ಸಂಗ್ರಾಹಕರು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ವಾಸವಾಗಿದ್ದರು. ನೆಪೋಲಿಯನ್ ಜೋಸೆಫೀನಳಿಗೆ ಬರೆದ ಓಲೆ, ಕವಿ ಜಾನ್ ಡನ್ನನ ಪತ್ರ ಹೀಗೆ ಸುಮಾರು ಸಾವಿರ ಪತ್ರಗಳನ್ನು ಕೂಡಿಹಾಕಿ, ಬಟ್ಟೆ ಒಗೆಯುವ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟಿದ್ದರು! ೨೦೦೫ರಲ್ಲಿ ಅವರು ತೀರಿಕೊಂಡರು. ೨೦೦೭ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಆ ಸಂಗ್ರಹವನ್ನು ಹರಾಜಿಗಿಟ್ಟಿತು. ಅದರಲ್ಲಿ ಗಾಂಧೀಜಿಯ ಒಂದು ಹಸ್ತಪ್ರತಿಯಿತ್ತು, ಕೊಲೆಯಾಗುವುದಕ್ಕೆ ಮೂರು ವಾರ ಮೊದಲು ‘ಹರಿಜನ’ಕ್ಕಾಗಿ, ಉರ್ದು ಆವೃತ್ತಿಯ ವಿಚಾರವಾಗಿ ಬರೆದದ್ದು. ಸುದ್ದಿ ತಿಳಿದು ಇಲ್ಲಿ ಕೋಲಾಹಲವಾಯಿತು. ಸರ್ಕಾರ ನಡುವೆ ಬಂದಿತು. ಆ ಒಂದು ವಸ್ತುವನ್ನು ಹರಾಜಿನಿಂದ ತೆಗೆದರು. ೨೦೦೯ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ ಹರಾಜಾದಾಗ ೧೮ ಲಕ್ಷ ಡಾಲರಿಗೆ ಕೂಗಿದವರು ನಮ್ಮ ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯ. ಪಾನನಿರೋಧದ ಪ್ರವಾದಿಯ ಕನ್ನಡಕವನ್ನು ಯಾರ ಹಣ ಬಿಡಿಸಿತೆಂಬುದನ್ನು ನೆನೆದು ನಗಬೇಕೋ ಅಳಬೇಕೋ ವಾಚಕರೇ ನಿರ್ಧರಿಸಲಿ.

ಮೇಲೆ ಹೇಳಿದ ‘ಕೆಳಮನೆ’ ಕ್ಯಾಲನ್‌ಬಾಕರ ಕಾಗದಗಳ ಕತೆ ಇನ್ನೂ ದೊಡ್ಡದು. ೧೯೧೦ರಲ್ಲಿ ಜೊಹಾನ್ಸ್‌ಬರ್ಗಿನ ಬಳಿಯ ೧,೧೦೦ ಎಕರೆ ತೋಟವನ್ನು ಸತ್ಯಾಗ್ರಹಿಗಳ ಕುಟುಂಬಗಳ ವಾಸಕ್ಕೆಂದು ಬಿಟ್ಟುಕೊಟ್ಟ ಮಹನೀಯ ಅವರು. ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಾದದ್ದು ಅದೇ. ಗಾಂಧೀಜಿ ಬರೆದ ಪತ್ರಗಳನ್ನು ಕ್ಯಾಲನ್‌ಬಾಕ್ ಕಾಪಾಡಿದರು. ಕ್ಯಾಲನ್‌ಬಾಕ್ ಬರೆದವನ್ನು ಗಾಂಧೀಜಿ ಉಳಿಸಲಿಲ್ಲ. ಹೀಗಾಗಿ ಆ ಸ್ನೇಹದಲ್ಲಿ ನಮಗೆ ಕೇಳಿಸುವುದು ಹೆಚ್ಚಾಗಿ ಒಬ್ಬರ ದನಿ, ದೂರವಾಣಿಯ ಒಂದು ಕೊನೆಯಲ್ಲಿ ನಿಂತು ಕೇಳಿದ ಹಾಗೆ. ಅವರ ಬಂಧುಗಳ ವಶದಲ್ಲಿದ್ದ ಆ ಸಂಗ್ರಹ ೨೦೧೨ರ ಜುಲೈನಲ್ಲಿ ಸದಬೀಸ್ ಸಂಸ್ಥೆಯ ಹರಾಜಿಗೆ ಬಂದಿತು. ಅಂದಾಜು ಬೆಲೆ ಐದರಿಂದ ಏಳು ಲಕ್ಷ ಪೌಂಡು. ಹರಾಜಿನ ದಿನಕ್ಕೆ ಮುನ್ನವೇ ಭಾರತ ಸರ್ಕಾರ ಇಡಿಯ ಸಂಗ್ರಹವನ್ನು ಕೊಂಡುಕೊಂಡಿತು. ಅದೀಗ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿದೆ. ಒಪ್ಪಿಗೆಯಾದ ಕೆಲಸವೆಂದೇ ನನ್ನ ಅಭಿಪ್ರಾಯ. ಆದರೂ ಒಂದು ಮಾತು: ಸರ್ಕಾರ ಹೀಗೆ ಓಡಿ ಓಡಿ ಕೊಂಡಷ್ಟೂ ಹರಾಜಿನವರು ಮುಂದಿನ ಸಲದ ಅಂದಾಜನ್ನು ಏರಿಸುತ್ತಾರೆ. ಇದಕ್ಕೆ ಮದ್ದು ಸುಲಭವಲ್ಲ.

ಒಂದು ಪೈಸೆಗೂ ಕೊಳ್ಳದೆ ಸಂಗ್ರಹಿಸಿದವರೂ ಇದ್ದರು. ಗಾಂಧೀಜಿ ಕಾಲವಾದ ಮೇಲೆ ಗಾಂಧಿ ಸ್ಮಾರಕ ನಿಧಿಯವರು ದೇಶದ ಮೂಲೆಮೂಲೆಗಳಲ್ಲಿದ್ದ ಪತ್ರಗಳಿಗಾಗಿ ಕೈಚಾಚಿದರು. ಪತ್ರವನ್ನು ತರಿಸಿಕೊಂಡು, ಅದರ ಫೋಟೋಸ್ಟಾಟ್ ಪ್ರತಿಯನ್ನೋ ಮೈಕ್ರೋಫಿಲ್ಮನ್ನೋ ತೆಗೆದು, ಮೂಲವನ್ನು ಒಡೆಯರಿಗೆ ಹಿಂದಕ್ಕೆ ಕೊಡುವುದು ಅವರ ಪದ್ಧತಿ. ಮೈಕ್ರೋಫಿಲ್ಮಿಗಾಗಿ ಸಂಚಾರಿ ಘಟಕವೊಂದೂ ಇತ್ತು. ‘ಜಿ. ಎನ್.’, ‘ಎಂ. ಎಂ. ಯು.’ ಎಂಬ ಸಂಕೇತಗಳು ಆ ಪರಿಶ್ರಮದ ಗುರುತು. ಅದರ ಆಧಾರದ ಮೇಲೆ ೧೯೫೮ರಲ್ಲಿ ಮೊದಲ ಸಂಪುಟ ಹೊರಬಂದು, ೧೯೯೪ರಲ್ಲಿ ನೂರನೆಯದು ಮುಗಿಯಿತು. ೧೯೬೦ರಿಂದ ದಶಕಗಳ ಕಾಲ ಪ್ರಧಾನ ಸಂಪಾದಕರಾಗಿ ದುಡಿದವರು ಕೆ. ಸ್ವಾಮಿನಾಥನ್, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ರುಜುವೇ ಇಲ್ಲದ ಬರಹಗಳದು ಅವರಿಗೆ ದೊಡ್ಡ ತೊಡಕು. ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಗಾಂಧೀಜಿ ಹೆಸರು ಹಾಕದೆ ಬರೆದದ್ದನ್ನು ಗುರುತಿಸಲು ಆ ಕಾಲದ ಒಡನಾಡಿಗಳಾದ ಛಗನಲಾಲ್ ಗಾಂಧಿ, ಹೆನ್ರಿ ಪೋಲಾಕ್ ಅವರ ನೆರವು ಬೇಕಾಯಿತು. ಹಳಗನ್ನಡದ ಕರ್ತೃತ್ವ ವಿಚಾರಗಳಲ್ಲಿ ನಾವು ಪಡುವ ಪಾಡು ಇದಕ್ಕೆ ಹೊಸದಲ್ಲ; ಆದರೆ ನಮಗೆ ಕೇಳಲು ಒಡನಾಡಿಗಳಿಲ್ಲ.

ಮೂಲ ಕಾಗದ ಇರಲೇಬೇಕೆ, ಅಚ್ಚಾದ ಮೇಲೆ ಅದರಿಂದೇನು ಎಂದು ಕೇಳುವವರಿಗೆ ಒಂದು ಪ್ರಸಂಗ ಹೇಳಬೇಕು. ೧೯೯೯ರಲ್ಲಿ ಈ ನೂರು ಸಂಪುಟಗಳ ಪರಿಷ್ಕೃತ ಆವೃತ್ತಿಯೊಂದು ಗಣಕಯಂತ್ರದ ತಟ್ಟೆಯಲ್ಲಿ ಬಂದಿತು. ಹಿಂದಿನದರಲ್ಲಿದ್ದ ಅನೇಕ ಬರಹಗಳು ಅದರಲ್ಲಿ ಕಾಣೆಯಾಗಿದ್ದುವು, ಕ್ರಮವೂ ಕೆಟ್ಟಿತ್ತು. ವಿದ್ವಾಂಸರು ಪ್ರತಿಭಟಿಸಿದರು, ೨೦೦೫ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಮುದ್ರಿತ ಪಾಠ ತಪ್ಪಬಹುದು, ತಿದ್ದಬಹುದು, ಅಳಿಸಬಹುದು, ಎಸ್. ಎನ್. ಸಂಖ್ಯೆಯ ಹಾಳೆ ಪೆಟ್ಟಿಗೆಯಲ್ಲಿರುವ ತನಕ ಯಾರಾದರೂ ಹೋಗಿ ಕೇಳಲು ಸಾಧ್ಯ. ೨೦೧೩ರಲ್ಲಿ ಸಬರಮತಿಯವರೇ ‘ಗಾಂಧಿ ಹೆರಿಟೇಜ್ ಪೋರ್ಟಲ್’ ತೆರೆದರು. ಹಳೆಯ ಅಚ್ಚಿನ ಪುಟಗಳನ್ನು ಇದ್ದದ್ದು ಇದ್ದಂತೆ ಈಗ ಮನೆಯಲ್ಲಿ ಕುಳಿತೇ ನೋಡಬಹುದು.

ಪತ್ರದ ಒಡೆತನದಲ್ಲಿ ಒಂದು ಸೂಕ್ಷ್ಮವಿದೆ. ಬಹಳ ಜನಕ್ಕೆ ತಿಳಿಯದು. ಕಾಗದ ಪಡೆದವನದು, ಮಾತು ಬರೆದವನದು. ಕಾಗದವನ್ನು ಮಾರಬಹುದು, ಮಾತನ್ನು ಅಚ್ಚು ಹಾಕಿಸಲು ಬರೆದವರ ಕಡೆಯ ಅಪ್ಪಣೆ ಬೇಕು. ಗಾಂಧೀಜಿಯ ಬರಹಗಳ ಹಕ್ಕು ನವಜೀವನ ಟ್ರಸ್ಟಿನದಾಗಿತ್ತು. ನಮ್ಮ ಕಾನೂನಿನಂತೆ ಮರಣಾನಂತರದ ೬೦ ವರ್ಷಗಳು ೨೦೦೮ರ ಕೊನೆಗೆ ತೀರಿದುವು. ಆ ಮೇಲೆ ಮಾತು ಎಲ್ಲರದೂ ಆಯಿತು. ಕಾಗದ ಮಾತ್ರ ಈಗಲೂ ಪಡೆದವರ ಮಕ್ಕಳದೇ, ಮೊಮ್ಮಕ್ಕಳದೇ.

ಸಂಗ್ರಹಾಲಯದಿಂದ ಹೊರಡುವ ಮುನ್ನ ದಂಡಿಯಾತ್ರಿಕರ ಹೆಸರುಗಳನ್ನು ಓದಿದೆ. ಗಾಂಧೀಜಿಯೊಡನೆ ಹೊರಟ ೭೮ ಜನರಲ್ಲಿ ಕರ್ನಾಟಕದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವ, ಆಗ ಹದಿನೆಂಟರ ತರುಣ. ೧೯೪೩ರ ಏಪ್ರಿಲ್ ಒಂದರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಹೆಸರುಗಳ ನಡುವೆ ಆ ಹೆಸರು ಕಂಡಾಗ ಪಕ್ಕದಲ್ಲಿದ್ದ ಗುಜರಾತಿನ ಶಾಲಾಮಕ್ಕಳಿಗೆ ಬೆರಳು ತೋರಿಸಿ ಹೇಳಬೇಕೆನ್ನಿಸಿತು, ಹೇಳಿಯೂಬಿಟ್ಟೆ. ನನ್ನ ಹಿಂದಿ ಅವರಿಗೆ ಎಷ್ಟು ತಿಳಿಯಿತೋ! ಒಬ್ಬ ಹುಡುಗ ಮಾತ್ರ ತನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಹೆಸರನ್ನು ಗುಜರಾತಿಯಲ್ಲಿ ಬರೆದುಕೊಂಡು, ಸರಿಯೇ ಎಂದು ನನಗೆ ತೋರಿಸಿದ. ನನಗೆ ಓದಲು ಬರಲಿಲ್ಲ, ಸರಿಯೆಂದೆ.

ಆಶ್ರಮದ ಪ್ರವೇಶಕ್ಕೆ ಶುಲ್ಕವಿಲ್ಲ. ಬೆಳಗಿನ ಹೊತ್ತಿಗೇ ಹೋಗುವುದು ಮೇಲು. ಬೇಸಗೆಯಲ್ಲಿ ಮಧ್ಯಾಹ್ನದ ಬಿಸಿಲು ಕನ್ನಡಿಗರಿಗೆ ತಡೆಯದು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ೧೯೨೦ರಲ್ಲಿ ಗಾಂಧೀಜಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠ ಸಿಗುತ್ತದೆ. ಇನ್ನು ಹಳೆಯ ಪತ್ರಗಳು ಮನೆಯಲ್ಲಿರುವ ವಾಚಕರಿಗೆ ಎರಡು ಮಾತು. ಹರಿದ ಕಡೆಗೆ ಅಂಟುಪಟ್ಟಿ ಹಚ್ಚಬೇಡಿ. ಹತ್ತು ವರ್ಷದಲ್ಲಿ ಅದರ ಗೋಂದು ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ. ಬೀದಿಯ ಕೊನೆಯ ಅಂಗಡಿಗೆ ಒಯ್ದು ಪ್ಲಾಸ್ಟಿಕ್ಕಿನಲ್ಲಿ ಬಿಸಿಯೊತ್ತು ಹಾಕಿಸಲೇಬೇಡಿ. ಒಮ್ಮೆ ಹಾಕಿದರೆ ತೆಗೆಯುವಂತಿಲ್ಲ. ಬೆಳಕು ಬೀಳುವ ಗೋಡೆಗೆ ತೂಗುಹಾಕಬೇಡಿ. ಮಡಿಕೆ ಬಿಡಿಸಿ, ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿಟ್ಟು, ಯಾರದು, ಯಾರಿಗೆ ಬಂದದ್ದು, ನಿಮ್ಮ ಕೈಗೆ ಹೇಗೆ ಸೇರಿತು ಎಂಬುದನ್ನು ಬೇರೊಂದು ಚೀಟಿಯಲ್ಲಿ ಸೀಸದಕಡ್ಡಿಯಿಂದ ಬರೆದು ಜೊತೆಗಿಡಿ. ಬಳೆಯ ಕತೆಯಿದ್ದರೆ ಅದನ್ನೂ ಬರೆಯಿರಿ.